ಗೇರಿನ ಅಳು ಕೇಳುವ ಅಚಿಯಾ

ಅಚಿಯಾ ನಮ್ಮ ಸಾಲಿಗೆ ಬಂದದ್ದು ಬಾಳೆಕಾಯಿ ಸುಟ್ಟು ಮಾರುವುದಕ್ಕೆ. ಕುಮಾಸಿ ಪಟ್ಟಣದ ಸುವಾಮೆ ಬಡಾವಣೆಯಲ್ಲಿ, ಗ್ಯಾರೇಜುಗಳ ನಡುವೆ, ಒಂದು ಸಣ್ಣ ಏರು ಇದೆ. ಏರಿನ ನೆತ್ತಿಯಲ್ಲಿ ಒಂದು ರಸ್ತೆಯುಬ್ಬು. ರಿಪೇರಿಯಾದ ಗಾಡಿ, ಮಾರಾಟಕ್ಕೆ ಬಂದ ಗಾಡಿ, ಎಲ್ಲವನ್ನೂ ಅಲ್ಲೇ ಓಡಿಸಿ ನೋಡುತ್ತಾರೆ. ಏರಿನಲ್ಲಿ ಗಾಡಿ ಎಳೆಯಬೇಕು, ಉಬ್ಬು ಬಂದಾಗ ಮೂರನೇ ಗೇರಿನಿಂದ ಎರಡಕ್ಕೆ ಇಳಿಯಬೇಕು. ಅದರ ಗುಣ ಅವಗುಣವೆಲ್ಲ ಆ ನೂರು ಗಜದಲ್ಲಿ ಹೊರಬೀಳುತ್ತದೆ. ಆ ಉಬ್ಬಿನ ಪಕ್ಕದಲ್ಲೇ ಅವಳು ಇದ್ದಿಲೊಲೆ ಇಟ್ಟಳು. ನನ್ನದು ಎದುರಿಗೇ, ಬೇರಿಂಗು, ಆಯಿಲ್ ಸೀಲು ಮಾರುವ ಅಂಗಡಿ.

"ತಂಗೀ, ಬಸ್ಸು ನಿಲ್ಲೋ ಹತ್ರ ಕೂತ್ಕೊಬಾರ್ದಾ? ಇಲ್ಲಿ ಬರೀ ಧೂಳು" ಎಂದೆ ಮೊದಲ ದಿನ.

"ಇರ್ಲಿ ಅಣ್ಣ. ಈ ಸದ್ದು ನಂಗೆ ಅಭ್ಯಾಸ" ಎಂದಳು.

ಅದೇನು ಅಭ್ಯಾಸ ಅಂತ ನನಗೆ ತಿಳಿದದ್ದು ಒಂದು ವರ್ಷದ ಮೇಲೆ. ಅವಳ ಗಂಡ ಅಕೊಟೊ ಕುಮಾಸಿಯಿಂದ ಎಜುರಾಕ್ಕೆ ಮಿನಿಬಸ್ ಓಡಿಸುತ್ತಿದ್ದ. ಮದುವೆಯಾದ ಹೊಸತರಲ್ಲಿ ಟಿಕೆಟ್ ದುಡ್ಡು ಎತ್ತುವವನು ಕೈಕೊಟ್ಟ ಅಂತ ಇವಳೇ ಆ ಕೆಲಸಕ್ಕೆ ನಿಂತಳು. ನಾಲ್ಕು ದಿನಕ್ಕೆ ಅಂತ ನಿಂತದ್ದು ಆರು ವರ್ಷವಾಯಿತು. ಎಜುರಾದಿಂದ ಗಾಡಿ ಖಾಲಿ ವಾಪಸ್ಸಾಗುವ ದಿನ ಅವಳು ಮುಂದಿನ ಸೀಟಿಗೆ ಬಂದು ಕೂರುತ್ತಿದ್ದಳು. ಅಕೊಟೊ ಅವಳ ಅಂಗೈಯನ್ನು ಗೇರಿನ ಗುಬುಟಿನ ಮೇಲಿಟ್ಟು, ಮೇಲೆ ತನ್ನ ಕೈ ಇಡುತ್ತಿದ್ದ. "ಎಳೀಬೇಡ, ತಳ್ಳಬೇಡ. ಹೋಗೋ ಹೊತ್ತಾದಾಗ ಅದೇ ಹೇಳುತ್ತೆ, ಸುಮ್ನೆ ಕೈ ಇಟ್ಟಿರು" ಅನ್ನುತ್ತಿದ್ದನಂತೆ. ಅದು ಯಾವಾಗ ಹೇಳುತ್ತದೆ, ಹೇಗೆ ಹೇಳುತ್ತದೆ ಅನ್ನುವುದು ಅವಳಿಗೆ ಹಾಗೆ ಬಂತು. ಪಾಠ ಅಂತ ಯಾರೂ ಕಲಿಸಿದ್ದಲ್ಲ.

ಅಕೊಟೊನನ್ನು ಒಂದು ಜ್ವರ ನಾಲ್ಕೇ ದಿನದಲ್ಲಿ ತೆಗೆದುಕೊಂಡು ಹೋಯಿತು. ಗಾಡಿಯ ಮಾಲೀಕ ಬೇರೆ ಡ್ರೈವರನ್ನು ಇಟ್ಟುಕೊಂಡ. ಅಲ್ಲಿಂದೀಚೆಗೆ ಅಚಿಯಾ ಎಲ್ಲಿಗೆ ಹೋದರೂ ಗಾಡಿಯ ಹಿಂದಿನ ಸಾಲಿನಲ್ಲೇ ಕೂರುತ್ತಿದ್ದಳು. ಮುಂದೆ ಜಾಗವಿದ್ದು ಜನ ಕರೆದರೂ ಹೋಗುತ್ತಿರಲಿಲ್ಲ. ಇದನ್ನೆಲ್ಲ ಅವಳು ನನಗೆ ಹೇಳಿದ್ದು ಅತ್ತುಕೊಂಡಲ್ಲ, ಬಾಳೆಕಾಯಿ ಸಿಪ್ಪೆ ಸುಲಿಯುತ್ತಾ, ಬೇರೆ ಯಾರದೋ ಸುದ್ದಿ ಹೇಳಿದ ಹಾಗೆ.

ನಮ್ಮ ಸಾಲಿನಲ್ಲಿ ಗೇರ್‌ಬಾಕ್ಸ್ ಅಂದರೆ ಬಾಫೂರ್ ಮೇಸ್ತ್ರಿ. ಉದ್ದನೆ, ತೆಳ್ಳನೆಯ ಆಳು. ಹೆಂಡತಿ ತೀರಿಕೊಂಡಿದ್ದಳು, ಮಗಳು ಮದುವೆಯಾಗಿ ತಕೊರಾಡಿಯಲ್ಲಿ. ಮೈತುಂಬ ಗ್ರೀಸಾಗುವ ಕೆಲಸವಾದರೂ ಬೆಳಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟೇ ಬರುತ್ತಿದ್ದ. ಅವನ ಮಾತಿಗೆ ಎದುರು ಮಾತಾಡುವವರು ಸುವಾಮೆಯಲ್ಲಿ ಇರಲಿಲ್ಲ.

ಒಂದು ಮಧ್ಯಾಹ್ನ ಒಬ್ಬ ಟ್ಯಾಕ್ಸಿಯವನು ಬಂದ. ಯಾವ ಗೇರಿಗೆ ಹಾಕಿದರೂ ಕರಕರ ಅನ್ನುತ್ತಿತ್ತು. ಮೇಸ್ತ್ರಿ ಏರಿನಲ್ಲಿ ಒಂದು ಸಲ ಓಡಿಸಿ, "ಗೇರ್‌ಬಾಕ್ಸ್ ಇಳಿಸ್ಬೇಕು, ಒಳಗೆ ಹಲ್ಲು ಹೋಗಿದೆ" ಎಂದ.

ಉಬ್ಬಿನ ಪಕ್ಕದಿಂದ ಅಚಿಯಾ ಅಂದಳು: "ಮೇಸ್ತ್ರಿ, ಅದು ಗೇರ್‌ಬಾಕ್ಸ್ ಅಲ್ಲ."

ಅಲ್ಲಿದ್ದವರೆಲ್ಲ ಅವಳ ಕಡೆ ತಿರುಗಿದರು. ಮೇಸ್ತ್ರಿ ಮಾತ್ರ ತಿರುಗಲಿಲ್ಲ. "ಬಾಳೆಕಾಯಿ ಮಗುಚಮ್ಮ, ಸೀದುಹೋಗುತ್ತೆ" ಎಂದ. ಜನ ನಕ್ಕರು. ಅವಳೂ ನಕ್ಕು ಬಾಳೆಕಾಯಿ ಮಗುಚಿದಳು.

ಎರಡು ದಿನ ಹಿಡಿದು ಗೇರ್‌ಬಾಕ್ಸ್ ಇಳಿಸಿ, ಬಿಚ್ಚಿ, ಹಲ್ಲು ಹಲ್ಲು ನೋಡಿದರೆ ಎಲ್ಲ ಸರಿಯಾಗೇ ಇತ್ತು. ತಪ್ಪು ಕ್ಲಚ್ಚಿನದು. ಅದರ ಎಣ್ಣೆ ಕೊಳವೆಯೊಳಗೆ ಗಾಳಿ ಸೇರಿ, ಪೆಡಲ್ ಒತ್ತಿದರೂ ಕ್ಲಚ್ಚು ಪೂರ್ತಿ ಬಿಡುತ್ತಿರಲಿಲ್ಲ. ಗಾಳಿ ತೆಗೆದರೆ ಹತ್ತು ನಿಮಿಷದ ಕೆಲಸ. ಮೇಸ್ತ್ರಿ ಮತ್ತೆ ಗೇರ್‌ಬಾಕ್ಸ್ ಏರಿಸಿ, ಕೈ ತೊಳೆದು, ಅಚಿಯಾಳ ಒಲೆಯ ಮುಂದೆ ಬಂದು ನಿಂತ. ಎರಡು ಬಾಳೆಕಾಯಿ, ಒಂದು ಪೊಟ್ಟಣ ಕಡಲೆಕಾಯಿ ತಗೊಂಡ. ಅವನು ಅವಳ ಹತ್ತಿರ ಏನಾದರೂ ಕೊಂಡದ್ದು ಅದೇ ಮೊದಲ ಸಲ.

"ಹೆಂಗ್ ಗೊತ್ತಾಯ್ತು?"

"ಎಲ್ಲಾ ಗೇರೂ ಅಳ್ತಿತ್ತಲ್ಲ ಮೇಸ್ತ್ರಿ. ರಿವರ್ಸ್ ಅಂತೂ ಕಿರುಚ್ತಿತ್ತು. ಒಬ್ಬನಿಗೆ ಹಲ್ಲು ನೋವಿದ್ರೆ ಅವನೊಬ್ಬನೇ ಅಳ್ತಾನೆ. ಮನೆಯವರೆಲ್ಲ ಒಟ್ಟಿಗೆ ಅಳ್ತಿದ್ರೆ ಹೊರಗಿನವರು ಯಾರೋ ಬಂದು ಹೊಡೀತಿದಾರೆ ಅಂತ ಅರ್ಥ."

ಮೇಸ್ತ್ರಿ ಕಡಲೆಕಾಯಿ ಪೊಟ್ಟಣ ಮುಗಿಸಿದ. "ಬಾಳೆಕಾಯಿ ಚೆನ್ನಾಗಿದೆ" ಅಂದು ಹೋದ. ಮಾರನೆಯ ದಿನ ಒಂದು ಗೇರ್‌ಬಾಕ್ಸ್ ಬಿಚ್ಚಿದಾಗ ಅವಳನ್ನು ಕೂಗಿ ಕರೆದ. ಅವಳು ಉಟ್ಟ ಬಟ್ಟೆಗೆ ಕೈ ಒರೆಸಿಕೊಂಡು ಹೋದಳು. ಅದುವರೆಗೆ ಅವಳು ಕೇಳಿದ್ದು ಸದ್ದು ಮಾತ್ರ, ಸದ್ದು ಮಾಡುವವರ ಮುಖ ನೋಡಿರಲಿಲ್ಲ. ಮೇಸ್ತ್ರಿ ಒಂದೊಂದೇ ಚಕ್ರ ಎತ್ತಿ ತೋರಿಸಿದ. ಗೇರು ಬದಲಾಗುವಾಗ ಎರಡು ಚಕ್ರಗಳ ವೇಗವನ್ನು ಒಂದಕ್ಕೊಂದು ಹೊಂದಿಸುವ ಹಿತ್ತಾಳೆ ಬಳೆಯನ್ನು ಅವಳ ಕೈಗಿಟ್ಟ. ಮೂರನೇ ಗೇರಿನ ಬಳೆ, ಒಳಗಡೆ ಸವೆದು ನುಣ್ಣಗಾಗಿತ್ತು.

ಅವಳು ಬೆರಳಲ್ಲಿ ಸವರಿ ನೋಡಿದಳು. "ಇಷ್ಟೇನಾ? ಇಷ್ಟು ಸಣ್ಣದಾ ಅಷ್ಟ್ ಅಳ್ತಿದ್ದಿದ್ದು?"

"ಇಷ್ಟೇ."

"ಪಾಪ" ಎಂದಳು.

ಹಾಗೆ ಶುರುವಾಯಿತು. ಮೇಸ್ತ್ರಿ ಗಾಡಿ ಓಡಿಸಿ ಉಬ್ಬು ದಾಟುವಾಗ ಅವಳು ಕೇಳಿಸಿಕೊಳ್ಳುವಳು. ಗಾಡಿ ನಿಂತ ಜಾಗದಲ್ಲೇ ಗುಂಯ್ ಅಂದು, ಕ್ಲಚ್ ಒತ್ತಿದ ಕೂಡಲೇ ಸದ್ದು ನಿಂತರೆ ಗೇರ್‌ಬಾಕ್ಸಿನ ಮುಂದಿನ ಬೇರಿಂಗ್. ಒತ್ತಿದಾಗಲೇ ಸದ್ದು ಶುರುವಾದರೆ ಕ್ಲಚ್ಚಿನ ಬೇರಿಂಗ್. ಕಾಲೆತ್ತಿದಾಗ ಗೇರು ತಾನಾಗೇ ಜಾರಿ ಹೊರಬಂದರೆ ಒಳಗೆ ಗೇರು ಸರಿಸುವ ಕವೆ ಸವೆದಿರಬಹುದು, ಇಲ್ಲ ಇಂಜಿನ್ ಕೂರುವ ರಬ್ಬರ್ ಹರಿದಿರಬಹುದು; ಮೊದಲು ರಬ್ಬರ್ ನೋಡಿ, ಆಮೇಲೆ ಬಿಚ್ಚಿ. ಅವಳ ಮಾತಿನಿಂದ ಬಿಚ್ಚದೇ ಉಳಿದ ಗೇರ್‌ಬಾಕ್ಸುಗಳು ಎಷ್ಟೋ. ಜನರ ಮುಂದೆ ಮಾತ್ರ ಅವಳು ಅದನ್ನು ತನ್ನ ಮಾತು ಅಂತ ಹೇಳುತ್ತಿರಲಿಲ್ಲ.

ಇದನ್ನು ನಾನು ಗಮನಿಸಿದ್ದು ತಡವಾಗಿ. ಮೇಸ್ತ್ರಿ ಗಾಡಿ ನಿಲ್ಲಿಸಿ ಇಳಿದವನೇ ಅವಳ ಕಡೆ ನೋಡುವನು. ಅವಳು ಬೆಂಕಿಗೆ ಬೀಸಣಿಗೆ ಬೀಸುತ್ತಾ, "ಮೂರನೇದು ಸ್ವಲ್ಪ ಗೊಣಗ್ತಿದೆ ಅನ್ಸುತ್ತೆ, ಅಲ್ವಾ ಮೇಸ್ತ್ರಿ?" ಅಂತ ಕೇಳುವ ಹಾಗೆ ಹೇಳುವಳು. "ನಾನೂ ಅದನ್ನೇ ಅಂದ್ಕೊಂಡೆ" ಅನ್ನುವನು ಅವನು. ದಿನಾ ಇದೇ ಮಾತು. ಮೊದಮೊದಲು ಇಬ್ಬರ ತಮಾಷೆ ಅಂದುಕೊಂಡಿದ್ದೆ. ಆಮೇಲೆ ನೋಡಿದರೆ, ಅವಳು ಮಾತಾಡುವಾಗ ಬೀಸಣಿಗೆ ಇಳಿಸಿ, ಮುಖ ಅವನ ಕಡೆಗೇ ತಿರುಗಿಸಿ, ಪದಗಳನ್ನು ಬಿಡಿಸಿ ಬಿಡಿಸಿ ಹೇಳುತ್ತಿದ್ದಳು. ಬೇರೆ ಯಾರ ಹತ್ತಿರವೂ ಹಾಗೆ ಮಾತಾಡುತ್ತಿರಲಿಲ್ಲ.

ಅವಳು ಬಂದು ಹದಿನಾಲ್ಕನೇ ವರ್ಷದ ಡಿಸೆಂಬರ್. ಮರಳುಗಾಡಿನ ಒಣಗಾಳಿ ಬೀಸಿ, ಬೆಳಗ್ಗೆ ಚಳಿ, ಮಧ್ಯಾಹ್ನ ಧೂಳು. ಪೊಕುವಾ ಅಂತ ಒಬ್ಬ ಹೆರಿಗೆ ನರ್ಸ್ ಬಂದಳು. ಮೂವತ್ತರ ಆಸುಪಾಸು, ಎಜುರಾದ ಆಚೆ ಒಂದು ಹಳ್ಳಿಯಲ್ಲಿ ಕೆಲಸ. ಅಲ್ಲಿ ನೋವು ಬಂದ ಹೆಂಗಸರು ಮೋಟರ್ ಸೈಕಲ್ ಹಿಂದೆ ಕೂತು ಆಸ್ಪತ್ರೆಗೆ ಬರಬೇಕಂತೆ. ಕಷ್ಟದ ಹೆರಿಗೆಯಾದರೆ ದೊಡ್ಡಾಸ್ಪತ್ರೆಗೆ ತಾನೇ ಕರೆದುಕೊಂಡು ಹೋಗಬೇಕು ಅಂತ ಒಂದು ಹಳೇ ಕಾರು ನೋಡುತ್ತಿದ್ದಳು. ಡಾನ್ಸೊ ಅನ್ನುವ ಮಾರಾಟದವನು ಒಂದು ನೀಲಿ ಕಾರು ತಂದಿದ್ದ. ಹದಿನೈದು ವರ್ಷದ ಗಾಡಿ, ಆದರೆ ಫಳಫಳ ಅನ್ನುತ್ತಿತ್ತು.

ಅಚಿಯಾ ನೀರು ತರಲು ಹೋಗಿದ್ದಳು. ಮೇಸ್ತ್ರಿ ಏರಿನಲ್ಲಿ ಎರಡು ಸುತ್ತು ಹೊಡೆದು ಇಳಿದ. ಅಭ್ಯಾಸದಂತೆ ಒಲೆಯ ಕಡೆ ನೋಡಿದ. ಅಲ್ಲಿ ಯಾರೂ ಇರಲಿಲ್ಲ. ಕೈ ಒರೆಸಿಕೊಂಡು, "ಚೆನ್ನಾಗಿದೆ, ತಗೊಳ್ಳಮ್ಮ" ಎಂದ.

ಪೊಕುವಾಳ ಮುಖ ಅರಳಿತು. ಡಾನ್ಸೊ ಕಾರನ್ನು ತಿರುಗಿಸಿ ನಿಲ್ಲಿಸಲು ಉಬ್ಬು ದಾಟಿಸಿದ. ಅಷ್ಟರಲ್ಲಿ ನೀರಿನ ಬಕೆಟ್ ತಲೆಯ ಮೇಲಿಟ್ಟು ಅಚಿಯಾ ಬಂದಳು. ಕಾರು ಅವಳ ಪಕ್ಕದಲ್ಲೇ ಹಾದುಹೋಯಿತು. ಅವಳು ನಿಂತುಬಿಟ್ಟಳು. ಬಕೆಟ್ ಇಳಿಸುವುದನ್ನೂ ಮರೆತು ಅದರ ಹಿಂದೆಯೇ ನೋಡಿದಳು.

ಆಮೇಲೆ ಬಕೆಟ್ ಇಳಿಸಿ, ಕೈ ಒರೆಸಿಕೊಂಡು, ನಿಧಾನಕ್ಕೆ ಮೇಸ್ತ್ರಿಯ ಎದುರು ಬಂದು ನಿಂತಳು.

"ಮೇಸ್ತ್ರಿ, ನಂಗೊಂದು ಆಸೆ. ಈ ಗಾಡೀಲಿ ಒಂದ್ ಸುತ್ತು ಕೂತ್ಕೊಳ್ಲಾ?"

ಡಾನ್ಸೊ ನಕ್ಕ. "ಬಾಳೆಕಾಯಿ ಅಮ್ಮಂಗೂ ಸವಾರಿನಾ?"

"ನಿಮ್ ಗಾಡಿ ಅಷ್ಟ್ ಚೆನ್ನಾಗಿದ್ರೆ ಒಬ್ಬ ಹೆಂಗಸಿನ ಭಾರಕ್ಕೆ ಹೆದರುತ್ತಾ ಅಪ್ಪ?" ಎಂದಳು ಅಚಿಯಾ. ನನ್ನ ಕಡೆ ತಿರುಗಿ, "ನೀನೂ ಬಾ ಅಣ್ಣ" ಎಂದಳು.

ನಾನೂ ನರ್ಸಮ್ಮನೂ ಹಿಂದೆ ಕೂತೆವು. ಅಚಿಯಾ ಮುಂದಿನ ಬಾಗಿಲು ತೆಗೆದು, ಅದರ ಮೇಲೆ ಕೈ ಇಟ್ಟುಕೊಂಡು ನಿಂತಳು. ಎಷ್ಟು ಹೊತ್ತು ಅಂತ ಹೇಳಲಾರೆ. ಡಾನ್ಸೊ ಹೊರಗಡೆ ಕೈಗಡಿಯಾರ ನೋಡಿಕೊಂಡ. ಆಮೇಲೆ ಅವಳು ಕೂತಳು. ಸೀಟಿನ ತುದಿಯಲ್ಲಿ, ಬೇರೆಯವರ ಮನೆಯ ಕುರ್ಚಿಯಲ್ಲಿ ಕೂತ ಹಾಗೆ.

ಮೇಸ್ತ್ರಿ ಓಡಿಸಿದ. ಏರು ಶುರುವಾದಾಗ ಅವಳು ಎರಡು ಬೆರಳನ್ನು ಗೇರಿನ ಕಡ್ಡಿಯ ಬುಡಕ್ಕೆ ತಾಗಿಸಿ ಇಟ್ಟಳು. ಉಬ್ಬಿನ ಹತ್ತಿರ ಮೇಸ್ತ್ರಿ ಮೂರರಿಂದ ಎರಡಕ್ಕೆ ಇಳಿಸಿದ. ಅವಳು ಮುಂದಿನ ಗಾಜಿನಾಚೆ ನೋಡುತ್ತಿದ್ದಳು, ಕಣ್ಣು ತುಂಬಿತ್ತು. ಅದು ಈ ಕಾರಿಗಾಗಿ ಬಂದ ನೀರಲ್ಲ ಅಂತ ನನಗೆ ಗೊತ್ತಿತ್ತು. ಮೇಸ್ತ್ರಿಗೂ ಗೊತ್ತಿತ್ತೇನೋ, ಅವನು ಏನೂ ಕೇಳದೆ ಇನ್ನೊಂದು ಸುತ್ತು ಹೊಡೆದ. ಎರಡನೇ ಸುತ್ತಿನಲ್ಲಿ ಅವಳ ಕಣ್ಣು ಒಣಗಿತ್ತು, ಹುಬ್ಬು ಗಂಟಿಕ್ಕಿತ್ತು.

ಇಳಿದ ಮೇಲೆ ಅವಳು ಮೇಸ್ತ್ರಿಯ ಮುಖ ನೋಡಿಕೊಂಡು, ಬಿಡಿಸಿ ಬಿಡಿಸಿ ಹೇಳಿದಳು: "ತುಂಬಾ ಸುಮ್ನಿದೆ ಅಲ್ವಾ ಮೇಸ್ತ್ರಿ? ಹದಿನೈದು ವರ್ಷದ ಗಾಡಿ ಸ್ವಲ್ಪನಾದ್ರೂ ಗುನುಗ್ಬೇಕಿತ್ತು. ರಾತ್ರಿಯೆಲ್ಲ ಇಲ್ಲೇ ಇರ್ಲಿ. ಬೆಳಗ್ಗೆ ತಣ್ಣಗಿದ್ದಾಗ ಇನ್ನೊಂದ್ ಸಲ ನೋಡೋಣ ಅಂತ ನೀವೂ ಅಂದ್ಕೊಂಡಿರ್ಬೇಕು."

ಡಾನ್ಸೊ ರೇಗಿದ. "ಮೇಸ್ತ್ರಿನೇ ಚೆನ್ನಾಗಿದೆ ಅಂತ ಹೇಳಾಯ್ತು. ಈಗ ಬಾಳೆಕಾಯಿಯವಳ ಮಾತು ಕೇಳ್ಬೇಕಾ?"

ಬಾಫೂರ್ ಮೇಸ್ತ್ರಿ ಅವಳನ್ನು ನೋಡಿದ. ಮೂವತ್ತು ನಲವತ್ತು ವರ್ಷ ಕಟ್ಟಿದ ಹೆಸರು ಅವನದು. ಐದು ನಿಮಿಷದ ಹಿಂದೆ ಹೇಳಿದ ಮಾತನ್ನು ಗಿರಾಕಿಯ ಮುಂದೆ, ಮಾರುವವನ ಮುಂದೆ ವಾಪಸ್ ತಗೊಳ್ಳಬೇಕು. ಅವನು ಕತ್ತಿನ ಬೆವರು ಒರೆಸಿಕೊಂಡ.

"ಅವಳಲ್ಲ, ನಾನ್ ಹೇಳ್ತಿದೀನಿ" ಎಂದ. "ನಾನು ಹೇಳಿದ್ದು ತಪ್ಪಿರಬಹುದು. ಬೀಗದ ಕೈ ಇಲ್ಲಿ ಕೊಡು. ನಾಳೆ ನೋಡೋಣ."

ಬೆಳಗ್ಗೆ ಏಳಕ್ಕೆ ಎಲ್ಲರೂ ಸೇರಿದೆವು. ಗಾಜಿನ ಮೇಲೆ ಧೂಳಿನ ಪದರ, ಉಸಿರು ಬಿಟ್ಟರೆ ಒಣ ಚಳಿ. ಮೇಸ್ತ್ರಿ ಗಾಡಿ ಶುರು ಮಾಡಿ ಗೇರು ಹಾಕಿದ. ಒಂದನೇದು ಹೇಗೋ ಬಿತ್ತು. ಎರಡನೇದಕ್ಕೆ ಕಡ್ಡಿ ಹೋಗಲೇ ಇಲ್ಲ, ಗಟ್ಟಿ ಫುಫು ಮುದ್ದೆಯಲ್ಲಿ ಸೌಟು ಸಿಕ್ಕಿಕೊಂಡ ಹಾಗೆ. ಅವನು ಇಳಿದು, ಕಾರಿನಡಿ ಮಲಗಿ, ಗೇರ್‌ಬಾಕ್ಸಿನ ಕೆಳಗಿನ ಬಿರಡೆ ಬಿಚ್ಚಿದ. ಎಣ್ಣೆ ಸುರಿಯಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಕಪ್ಪಗೆ, ಗಟ್ಟಿಯಾಗಿ, ಸೆಗಣಿಯ ಹಾಗೆ ಒಂದು ಮುದ್ದೆ ಬಾಣಲೆಗೆ ಬಿತ್ತು. ಗ್ರೀಸಿನಲ್ಲಿ ಮರದ ಹೊಟ್ಟು ಕಲಸಿ ತುಂಬಿದ್ದರು. ಬಿಸಿಯಾದಾಗ ಕರಗಿ ಗೇರು ಬೀಳುತ್ತದೆ, ಹೊಟ್ಟಿನಿಂದ ಸದ್ದು ಅಡಗುತ್ತದೆ. ಬಿರಡೆಯ ಅಯಸ್ಕಾಂತಕ್ಕೆ ಉಗುರಿನಷ್ಟು ಉದ್ದದ ಕಬ್ಬಿಣದ ಚೂರುಗಳು ಅಂಟಿದ್ದವು. ಸಣ್ಣ ಪುಡಿಯಾದರೆ ಯಾವ ಗಾಡಿಯಲ್ಲೂ ಇರುತ್ತದೆ. ಇವು ಹಲ್ಲಿನ ಚೂರುಗಳು.

"ನಾನೂ ಹೀಗೇ ತಗೊಂಡಿದ್ದು, ನಂಗೇನ್ ಗೊತ್ತು" ಎಂದ ಡಾನ್ಸೊ.

"ಇರಬಹುದು. ಹೀಗೇ ವಾಪಸ್ ತಗೊಂಡು ಹೋಗು" ಎಂದ ಮೇಸ್ತ್ರಿ.

ಪೊಕುವಾ ಬಾಣಲೆಯನ್ನೇ ನೋಡುತ್ತಾ ನಿಂತಿದ್ದಳು. "ಹಿಂದಿನ ಸೀಟಲ್ಲಿ ನೋವು ತಿಂತಿರೋ ಹೆಂಗಸು ಮಲಗಿರುವಾಗ ಇದು ನಿಂತಿದ್ರೆ" ಎಂದಳು, ಮೆಲ್ಲಗೆ.

"ಏನಂದೆ?" ಎಂದ ಮೇಸ್ತ್ರಿ. ಅವನು ಅವಳ ಬೆನ್ನ ಹಿಂದೆ ಇದ್ದ.

ಅವಳು ಮತ್ತೆ ಹೇಳಿದಳು. "ಏನು?" ಎಂದ ಮತ್ತೆ. ಪೊಕುವಾ ತಿರುಗಿ ಅವನ ಮುಖ ನೋಡಿದಳು, ಅವನ ಕಿವಿ ನೋಡಿದಳು, ನರ್ಸುಗಳು ನೋಡುತ್ತಾರಲ್ಲ ಹಾಗೆ.

ಎಲ್ಲರೂ ಹೋದ ಮೇಲೆ ಮೇಸ್ತ್ರಿ ಅಚಿಯಾಳ ಒಲೆಯ ಪಕ್ಕ ಒಂದು ಟೈರಿನ ಮೇಲೆ ಕೂತ. ನಾನು ಅಂಗಡಿಯ ಬಾಗಿಲಲ್ಲೇ ಇದ್ದೆ. ಅವನು ಈಚೆಗೆ ಜೋರಾಗಿ ಮಾತಾಡುತ್ತಿದ್ದುದರಿಂದ ಎಲ್ಲ ಕೇಳಿಸಿತು.

"ನಿಂಗೆ ಯಾವಾಗಿಂದ ಗೊತ್ತು?"

"ಎರಡು ವರ್ಷ ಆಯ್ತು."

"ಯಾಕ್ ಹೇಳ್ಲಿಲ್ಲ?"

"ಹೇಳಿದ್ರೆ ನಿಮಗೆ ಕೇಳಿಸ್ತಿತ್ತಾ?"

ಮೇಸ್ತ್ರಿ ಅವಳನ್ನು ದಿಟ್ಟಿಸಿದ. ಆಮೇಲೆ ನಗಲು ಶುರು ಮಾಡಿದ. ನಕ್ಕು ನಕ್ಕು ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ ತಲೆ ತಗ್ಗಿಸಿದ.

"ಆ ಹುಡುಗಿಗೆ ಚೆನ್ನಾಗಿದೆ ಅಂದ್ಬಿಟ್ಟೆ ಅಚಿಯಾ" ಎಂದ. "ನಂಗೆ ಕೇಳಿಸ್ತಿಲ್ಲ ಅಂತ ಗೊತ್ತಿದ್ದೂ ಅಂದೆ. ನೀನಿರ್ಲಿಲ್ಲ. ಕೇಳಿಸ್ಲಿಲ್ಲ ಅನ್ನೋಕೆ ನಾಚಿಕೆಯಾಯ್ತು."

"ನಾನೂ ತಪ್ಪೇ ಮಾಡ್ದೆ. ಮುಚ್ಚಿಡೋಕೆ ಸಹಾಯ ಮಾಡ್ದೆ. ನಿಮ್ ಮರ್ಯಾದೆ ಒಂದೇ ನೋಡ್ದೆ, ಗಾಡಿ ತಗೊಳ್ಳೋವ್ರನ್ನ ನೋಡ್ಲಿಲ್ಲ." ಅವಳು ಒಂದು ಬಾಳೆಕಾಯಿ ತೆಗೆದು, ಬೂದಿ ಕೆರೆದು, ಅವನ ಕೈಗಿಟ್ಟಳು. "ತಿನ್ನಿ. ಬೆಳಗ್ಗೆಯಿಂದ ಏನೂ ತಿಂದಿಲ್ಲ ನೀವು."

ಪೊಕುವಾ ಒಂದು ವಾರದ ಮೇಲೆ ಮತ್ತೆ ಬಂದಳು. ಒಂದು ಕೈಯಲ್ಲಿ ಬೇರೆ ಕಾರಿನ ಬೀಗದ ಕೈ, ಇನ್ನೊಂದು ಕೈಯಲ್ಲಿ ದೊಡ್ಡಾಸ್ಪತ್ರೆಯ ಕಿವಿ ಡಾಕ್ಟರಿಗೆ ಬರೆದ ಚೀಟಿ. ಆ ಕಾರು ಬಣ್ಣ ಹೋಗಿ ಮುಸುಡಿ ಕೆಟ್ಟಿತ್ತು, ನಿಂತಲ್ಲೇ ಗುಂಯ್ ಅನ್ನುತ್ತಿತ್ತು. ಅಚಿಯಾ ಈ ಸಲ ಯಾರೂ ಕರೆಯದೆ ಮುಂದೆ ಹತ್ತಿ ಕೂತಳು. ಕ್ಲಚ್ ಒತ್ತಿದರೆ ಸದ್ದು ನಿಂತಿತು. ಉಬ್ಬಿನಲ್ಲಿ ಎರಡನೇ ಗೇರು ಸದ್ದಿಲ್ಲದೆ ಬಿತ್ತು.

"ಇದು ಕಳ್ಳ ಅಲ್ಲ, ಬಾಯಿ ಬಿಟ್ಟು ಹೇಳ್ಕೊಳ್ತಿದೆ" ಎಂದಳು. "ಬೇರಿಂಗ್ ಒಂದು ಹಾಕ್ಸಮ್ಮ, ಅಣ್ಣನ ಅಂಗಡೀಲೇ ಇದೆ. ಹಲ್ಲೆಲ್ಲ ಗಟ್ಟಿಯಾಗಿದೆ." ಮೇಸ್ತ್ರಿಯ ಕಡೆ ತಿರುಗಿದಳು, ಆದರೆ 'ಅಲ್ವಾ ಮೇಸ್ತ್ರಿ' ಅನ್ನಲಿಲ್ಲ.

"ಅವಳು ಹೇಳಿದ ಹಾಗೆ ಮಾಡು" ಎಂದ ಮೇಸ್ತ್ರಿ, ಪೊಕುವಾಳಿಗೆ, ಎಲ್ಲರೂ ಕೇಳುವ ಹಾಗೆ.

ಕಿವಿಯ ಚೀಟಿಯನ್ನು ಮಾತ್ರ ಅವನು ಮೂರು ವಾರ ಜೇಬಿನಲ್ಲೇ ಇಟ್ಟುಕೊಂಡ. ಅಂಗಿಯ ಜೊತೆ ಅದಕ್ಕೂ ಇಸ್ತ್ರಿಯಾಯಿತು. ಕೊನೆಗೆ ಒಂದು ಸೋಮವಾರ ಅಚಿಯಾ ಒಲೆ ಹಚ್ಚದೆ, ಒಳ್ಳೆ ಬಟ್ಟೆ ಉಟ್ಟು ಬಂದು ಅವನ ಗ್ಯಾರೇಜಿನ ಮುಂದೆ ನಿಂತಳು. ಅವನು ಪಾನಾ ಕೆಳಗಿಟ್ಟು ಹೊರಟ.

ಎರಡೂ ಕಿವಿಗೆ ಸಣ್ಣ ಯಂತ್ರ ಬಂತು. ಮೊದಲ ದಿನ ಅವನು ಗ್ಯಾರೇಜಿನಲ್ಲಿ ಸುತ್ತಿಗೆ ಬಿದ್ದರೂ ಬೆಚ್ಚುತ್ತಿದ್ದ. ಮಧ್ಯಾಹ್ನ ಉಬ್ಬಿನ ಹತ್ತಿರ ಬಂದವನು ಹಾಗೇ ನಿಂತು, ತಲೆ ಓರೆ ಮಾಡಿ ಕೇಳಿದ. ಅಚಿಯಾ ಬೆಂಕಿ ಬೀಸುತ್ತಾ ಚರ್ಚಿನ ಹಾಡೊಂದನ್ನು ಗುನುಗುತ್ತಿದ್ದಳು.

"ದಿನಾ ಹೀಗೇ ಹಾಡ್ತೀಯಾ?"

"ಹೂಂ."

"ಎರಡು ವರ್ಷ ನೆಮ್ಮದಿಯಾಗಿದ್ದೆ ನೋಡು" ಎಂದ. ಅವಳು ಬೀಸಣಿಗೆಯಿಂದ ಅವನ ಮೊಣಕಾಲಿಗೆ ಹೊಡೆದಳು.

ಈಗ ಐದು ವರ್ಷವಾಯಿತು. ಬೆಳಗ್ಗೆ ಹತ್ತರವರೆಗೆ ಅಚಿಯಾ ಗಾಡಿ ನೋಡುತ್ತಾಳೆ, ಹತ್ತರ ಮೇಲೆ ಬಾಳೆಕಾಯಿ. ಒಲೆ ಬಿಡು, ಪೂರ್ತಿ ಇದನ್ನೇ ಮಾಡು ಅಂದರೆ, "ಗಾಡಿ ನೋಡಿ ಬೇಡ ಅಂತೀನಲ್ಲ ಅಣ್ಣ, ಆಮೇಲೆ ಅವರಿಗೆ ಏನಾದ್ರೂ ತಿನ್ನೋಕೆ ಕೊಡೋದು ಬೇಡ್ವಾ" ಅನ್ನುತ್ತಾಳೆ. ಟೀಚರುಗಳು, ನರ್ಸುಗಳು, ನಿವೃತ್ತಿಯಾಗಿ ಟ್ಯಾಕ್ಸಿ ಓಡಿಸಲು ಹೊರಟವರು ಬೆಳಗ್ಗೆಯೇ ಸಾಲು ನಿಲ್ಲುತ್ತಾರೆ. ಮೇಸ್ತ್ರಿ ಓಡಿಸುತ್ತಾನೆ, ಅವಳು ಪಕ್ಕದಲ್ಲಿ ಕೂರುತ್ತಾಳೆ. ಇಬ್ಬರಿಗೂ ಒಮ್ಮತವಾಗುವವರೆಗೆ ಗಿರಾಕಿಗೆ ಬಾಯಿ ಬಿಡುವುದಿಲ್ಲ ಅಂತ ಅವರಲ್ಲೊಂದು ಒಪ್ಪಂದ. ಯಂತ್ರ ಬಂದ ಮೇಲೆ ಮೇಸ್ತ್ರಿಗೆ ಮೊದಲಿನ ಜಂಬವೂ ಸ್ವಲ್ಪ ವಾಪಸ್ ಬಂದಿದೆ, ಹಾಗಾಗಿ ಒಮ್ಮತ ಬೇಗ ಆಗುವುದಿಲ್ಲ.

ಕಳೆದ ಗುರುವಾರ ಒಬ್ಬ ಶಾಲಾ ಮಾಸ್ತರು ಬಂದಿದ್ದರು. ಅವರ ಬಿಳಿ ಕಾರು ಏರಿನಲ್ಲಿ ಆರನೇ ಸಲ ಹತ್ತುತ್ತಿತ್ತು. ಕಿಟಕಿಯಿಂದ ಇಬ್ಬರ ದನಿಯೂ ಹೊರಗೆ ಕೇಳುತ್ತಿತ್ತು, ಯಾರು ಏನು ಅನ್ನುತ್ತಿದ್ದಾರೆ ಅಂತ ಮಾತ್ರ ತಿಳಿಯುತ್ತಿರಲಿಲ್ಲ. ಮಾಸ್ತರು ಕಂಗಾಲಾಗಿ ನನ್ನ ಅಂಗಡಿಯ ಮುಂದೆ ನಿಂತಿದ್ದರು.

"ಏನಂತೆ ಯಜಮಾನ್ರೇ? ಗಾಡಿ ಕೆಟ್ಟಿದೆಯಾ?"

"ಗಾಡಿ ವಿಷಯ ಯಾವಾಗ್ಲೋ ಮುಗಿದಿರ್ಬೇಕು ಮೇಷ್ಟ್ರೇ" ಎಂದೆ. "ಈಗ ನಡೀತಿರೋದು ಬೇರೆ ಯಾವ್ದೋ ಜಗಳ. ಸ್ಟೂಲ್ ಕೊಡ್ತೀನಿ, ಕೂತ್ಕೊಳ್ಳಿ."